ಚಿಲ್ಲದ ಬೀಜ ತೇಯ್ದ ನೀರು

ಹೊಸ ನೀರು ಬಂದು ಹೊಳೆ ಕೆಂಪಾದ ವಾರವೇ ಮೊದಲ ಕೇಸು ನನ್ನ ಬಾಗಿಲಿಗೆ ಬಂತು. ಮಾಗಳದಿಂದ ಕೆಳಗೆ ತುಂಗಭದ್ರೆಯ ದಂಡೆಗಿರುವ ಒಂದು ಊರು. ಹೆಸರು ಬೇಡ, ಆ ವರ್ಷ ಅಲ್ಲಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡಿದ್ದೇ ಸಾಕು. ನಾನು ಅಲ್ಲಿನ ಉಪಕೇಂದ್ರದ ನರ್ಸು. ಗಂಡಸೊಬ್ಬನನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತಂದಿದ್ದರು. ಕಣ್ಣು ಗುಳಿ ಬಿದ್ದಿದ್ದವು, ದನಿ ಹೂತು ಹೋಗಿತ್ತು. ಹೊಟ್ಟೆಯ ಚರ್ಮ ಹಿಡಿದೆತ್ತಿ ಬಿಟ್ಟರೆ ಮಡಿಕೆ ಹಾಗೇ ನಿಂತಿತ್ತು. ಭೇದಿ ಅಕ್ಕಿ ತೊಳೆದ ನೀರಿನ ಬಣ್ಣದ್ದು. ಅಷ್ಟು ಕಂಡ ಮೇಲೆ ಕಾಲರಾ ಎಂದು ತಿಳಿಯಲು ನನಗೆ ಬೇರೇನೂ ಕೇಳಬೇಕಿರಲಿಲ್ಲ, ತಾಲ್ಲೂಕಿಗೆ ಫೋನು ಮಾಡಿದೆ.

ಸಂಜೆಯ ಹೊತ್ತಿಗೆ ಶಾಲೆಯ ಎರಡು ಕೋಣೆ ಆಸ್ಪತ್ರೆಯಾದವು. ಕಿಟಕಿಯ ಸರಳಿಗೆ ದಾರ ಕಟ್ಟಿ ಸಲೈನ್ ಬಾಟಲಿ ತೂಗುಹಾಕಿದೆವು. ಹಡಗಲಿಯಿಂದ ಒಬ್ಬ ಡಾಕ್ಟರು ಬಂದರು, ಹುಡುಗು ವಯಸ್ಸು, ಕರಾವಳಿಯ ಕಡೆಯವರು. ಬಂದವರೇ ಸೂಜಿ ಹಿಡಿದು ಕೂತರು. ನಾನು ನೀರುಗಂಟಿಯನ್ನು ಹಿಡಿದುಕೊಂಡು ಪೈಪ್‌ಲೈನ್ ನೋಡಲು ಹೋದೆ. ಟ್ಯಾಂಕಿನಿಂದ ಊರೊಳಗೆ ಬರುವ ಪೈಪಿನ ವಾಲ್ವು ಚರಂಡಿಯಲ್ಲಿ ಮುಳುಗಿ ಕೂತಿತ್ತು. ನೀರು ಬಿಟ್ಟಾಗ ಹೊರಗೆ ಚಿಮ್ಮುತ್ತದೆ, ನಿಲ್ಲಿಸಿದಾಗ ಚರಂಡಿಯದನ್ನೇ ಒಳಗೆಳೆಯುತ್ತದೆ.

"ಇದನ್ನ ಯಾವಾಗಿಂದ ಹಿಂಗ ಬಿಟ್ಟೀಯಪ್ಪಾ?" ಎಂದೆ.

"ನಾ ಹೇಳಾಕ ಹತ್ತಿ ಬಾಳ ದಿನ ಆತ್ರಿ ಮೇಡಂ. ಯಾರೂ ಕಿವಿಗಿ ಹಾಕ್ಕೊಳ್ಳವಲ್ರು."

ಅವನ ಮೇಲೆ ಹಾರಾಡಿ ಫಲವಿರಲಿಲ್ಲ. ಆದರೂ ಹಾರಾಡಿದೆ, ನನ್ನ ನಾಲಿಗೆ ಅಂಥದ್ದು. ಪೈಪ್‌ಲೈನ್ ಬಂದ್ ಮಾಡಿಸಿ, ಮೇಲಿನ ಊರಿನ ಬೋರ್‌ವೆಲ್ಲಿನಿಂದ ಟ್ಯಾಂಕರ್ ತರಿಸಿದೆವು. ಅದಕ್ಕೆ ಬ್ಲೀಚಿಂಗ್ ಪೌಡರ್ ಕಲಸಿ ಹಾಕಿದ್ದು ನಾನೇ. ಕೇಸುಗಳು ಇಳಿದವು. ಊರೆಲ್ಲ ಇಳಿದವು, ಹೊಳೆ ಓಣಿಯೊಂದನ್ನು ಬಿಟ್ಟು. ಆ ಓಣಿಯಿಂದ ಮಾತ್ರ ದಿನಾ ಹೊಸಬರು ಬರುತ್ತಲೇ ಇದ್ದರು. ಒಬ್ಬ ಮುದುಕಪ್ಪ ಶಾಲೆಯ ಮೆಟ್ಟಿಲಲ್ಲೇ ತೀರಿಕೊಂಡರು.

ಅದೇ ಓಣಿಯ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಮನೆಮನೆ ಹತ್ತಿದೆ. ಕೈಯಲ್ಲಿ ಕ್ಲೋರೋಸ್ಕೋಪ್ ಇತ್ತು. ಗಾಜಿನ ಕೊಳವೆಗೆ ನೀರು ತುಂಬಿ ಔಷಧದ ಹನಿ ಬಿಟ್ಟರೆ, ಕ್ಲೋರಿನ್ ಇದ್ದ ನೀರು ಹಳದಿಯಾಗುತ್ತದೆ. ಮೊದಲ ಮನೆಯ ಕೊಡದಲ್ಲಿ ಹಳದಿ ಇಲ್ಲ. ಎರಡನೆಯದರಲ್ಲೂ ಇಲ್ಲ. ಓಣಿ ಮುಗಿಯುವ ತನಕ ಒಂದು ಕೊಡದಲ್ಲೂ ಹಳದಿ ಬರಲಿಲ್ಲ. ಟ್ಯಾಂಕರ್ ನೀರು ಎಲ್ಲಿ ಹೋಯಿತೆಂದು ನೋಡಿದರೆ ಬಚ್ಚಲ ಬಕೆಟ್ಟಿನಲ್ಲಿತ್ತು. "ಉಪ್ಪು ನೀರ್ರಿ, ಮ್ಯಾಲೆ ಪೌಡರ್ ನಾತ. ದನಾ ಸೈತ ಮೂಸಂಗಿಲ್ಲ" ಎಂದರು. ಕುಡಿಯುವ ಕೊಡಗಳಲ್ಲಿ ಇದ್ದದ್ದು ಹೊಳೆಯ ನೀರು. ಹೊರಗೆ ನೋಡಿದರೆ ಹೊಳೆ ಕೆಮ್ಮಣ್ಣು ಕದಡಿಕೊಂಡು ಹರಿಯುತ್ತಿದೆ, ಒಳಗಿನ ಕೊಡದ ನೀರಿನಲ್ಲಿ ತಳ ಕಾಣುತ್ತಿದೆ! ನನಗೆ ತಲೆಬುಡ ತಿಳಿಯಲಿಲ್ಲ.

"ಅಜ್ಜಿ ಮನಿಗೆ ಬರ್ರಿ ಅಕ್ಕಾರ, ತಿಳೀತೈತಿ" ಎಂದಳು ಆಶಾ.

ಓಣಿಯ ಕೊನೆಯ ಮನೆ ಆ ಅಜ್ಜಿಯದು. ಹಿತ್ತಲ ಬೇಲಿಯಲ್ಲಿ ಗಟ್ಟಿ ತೊಗಟೆಯ, ಅಂಥಾ ಎತ್ತರವಲ್ಲದ ಒಂದು ಗಿಡ. ಅದು ಚಿಲ್ಲದ ಗಿಡ. ಅದರ ಬೀಜ ಗುಂಡಗೆ ಗೋಲಿಗಿಂತ ಸಣ್ಣದು. ಅಜ್ಜಿ ವರ್ಷದ ಬೀಜವನ್ನು ಒಣಗಿಸಿ ಗಡಿಗೆಯಲ್ಲಿಟ್ಟುಕೊಂಡು, ಹೊಸ ನೀರು ಬಂದಾಗ ಓಣಿಗೆಲ್ಲ ಹಂಚುತ್ತಿದ್ದಳು. ಬೀಜವನ್ನು ಮಣ್ಣಿನ ಕೊಡದ ಒಳಮೈಗೆ ತಿಕ್ಕಿ, ಮೇಲೆ ಹೊಳೆ ನೀರು ಸುರಿದು, ಒಮ್ಮೆ ತಿರುವಿ ಮುಚ್ಚಿಟ್ಟರೆ ಆಯಿತು, ಮಣ್ಣೆಲ್ಲ ತಳಕ್ಕೆ ಕೂತು ನೀರು ತಿಳಿಯಾಗುತ್ತದೆ. ಅವಳ ಅತ್ತೆ ಹಾಗೇ ಮಾಡುತ್ತಿದ್ದಳಂತೆ, ಅತ್ತೆಯ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ.

ಒಳಗೆ ಗೋಡೆಗೆ ಒರಗಿ ಕೂತಿದ್ದವಳು ಅವಳ ಮೊಮ್ಮಗಳು, ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದವಳು. ತವರೆಂದರೆ ಅಜ್ಜಿಯೇ, ತಾಯಿಯಿಲ್ಲದ ಮಗುವನ್ನು ತಂದು ಸಾಕಿದ್ದಳು. ಎಂಟು ತುಂಬಿ ಒಂಬತ್ತರಲ್ಲಿತ್ತು. ಈ ಭೇದಿ ಗಟ್ಟಿ ಗಂಡಸನ್ನೇ ಅರ್ಧ ದಿನದಲ್ಲಿ ಕೆಡವುತ್ತದೆ, ಬಸುರಿಯ ಗತಿಯೇನು?

ಅಜ್ಜಿ ತಂಬಿಗೆ ತುಂಬಿ ನನ್ನ ಮುಂದೆ ಹಿಡಿದಳು. "ತಗಾ ನರ್ಸವ್ವ, ಬಿಸಲಾಗ ಬಂದಿ. ಇದನ್ನ ಕುಡದು ನೋಡು, ನಿನ್ ಟ್ಯಾಂಕರ್ ಮರತಬಿಡ್ತಿ."

"ಬ್ಯಾಡ ಅಜ್ಜಿ."

ಅವಳ ಮುಖ ಸಪ್ಪಗಾಯಿತು. ನಮ್ಮ ಕಡೆ ಬಂದವರಿಗೆ ಮೊದಲು ಕೊಡುವುದು ನೀರು. ಅದನ್ನು ಒಲ್ಲೆ ಎಂದರೆ ಮನೆಯನ್ನೇ ಒಲ್ಲೆ ಎಂದಂತೆ. "ನಮ್ ಮನಿ ನೀರು ಬ್ಯಾಡಾತೇನವ್ವಾ ನಿನಗ?" ಎಂದಳು.

"ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಜ್ಜಿ. ಮಣ್ಣು ಕುಂತೈತಿ, ರೋಗ ಕುಂತಿಲ್ಲ. ಕುದಿಸಿ ಕುಡೀರಿ."

"ಮಣ್ಣು ಹೋದ ಮ್ಯಾಲೆ ನೀರಾಗ ಇನ್ನೇನ್ ಉಳೀತೈತಿ ಹೇಳು? ಕಣ್ಣಿಗಿ ಕಾಣವಲ್ದು, ಮೂಗಿಗಿ ನಾತಿಲ್ಲ. ನಿನ್ ಪೌಡರ್ ನೀರಽ ನೋಡು, ಕುಡದ್ರ ಕರಳು ಸುಡ್ತೈತಿ" ಎಂದು ನಕ್ಕಳು. ಮೊಮ್ಮಗಳೂ ನಕ್ಕಳು.

ನಾನು ಕೊಟ್ಟೂರಿನವಳು. ನಮ್ಮಲ್ಲಿ ನೀರೆಂದರೆ ಬೋರು, ಸಿಕ್ಕಿದ್ದು ಭಾಗ್ಯ. ಹೊಳೆಯ ನೀರಿನ ಮೇಲೆ ಈ ಜನಕ್ಕಿರುವ ಮಮತೆ ನನಗೆ ಅರ್ಥವಾಗುತ್ತಿರಲಿಲ್ಲ. ಸಿಟ್ಟು ನುಂಗಿಕೊಂಡು ಅವಳ ಕೊಡದ ನೀರನ್ನು ಪರೀಕ್ಷೆಯ ಸಣ್ಣ ಬಾಟಲಿಗೆ ತುಂಬಿಕೊಂಡೆ. ಒಂದು ದಿನ ಇಟ್ಟರೆ ಕೆಟ್ಟ ನೀರು ಅದರಲ್ಲಿ ಕಪ್ಪಾಗುತ್ತದೆ. ಕ್ಲೋರಿನ್ ಗುಳಿಗೆಗಳನ್ನು ಕೊಟ್ಟೆ. ಮೊಮ್ಮಗಳಿಗಾದರೂ ಕುದಿಸಿದ ನೀರನ್ನೇ ಕೊಡಬೇಕೆಂದು ಅಜ್ಜಿಯ ಕೈಯಿಂದ ಆಣೆ ಹಾಕಿಸಿಕೊಂಡೆ. ಬರುವಾಗ ಎರಡು ಬೀಜವನ್ನೂ ತಂದೆ.

ಅದನ್ನು ಡಾಕ್ಟರಿಗೆ ತೋರಿಸಿದೆ. ಅವರು ಮೊಬೈಲಿನಲ್ಲಿ ಗಿಡದ ಹೆಸರು ಹುಡುಕಿ ಓದಿದರು, ಓದುತ್ತಾ ಹುಬ್ಬು ಗಂಟಿಕ್ಕಿದರು.

"ಸಿಸ್ಟರ್, ಇದು ಆ ವಿಷದ ಕಾಯಿ ಬಿಡೋ ಕಾಸರಕದ ಕುಲದ್ದು. ಆಫ್ರಿಕಾದ ಕಾಡುಗಳಲ್ಲಿ ಇದರ ದಾಯಾದಿ ಗಿಡಗಳು ಬೇಕಾದಷ್ಟಿವೆಯಂತೆ. ಕೆಲವುಗಳ ವಿಷ ಬಾಣದ ತುದಿಗೆ ಹಚ್ಚುತ್ತಾರೆ."

"ಅದರಲ್ಲಿ ಹಣ್ಣು ತಿನ್ನೋ ಗಿಡಾನೂ ಇರಬೇಕಲ್ಲ ಸರ್?"

"ಇವೆ. ಈ ಚಿಲ್ಲವೂ ಅಲ್ಲಿ ಇದೆಯಂತೆ."

"ಮತ್ತೆ? ಇದು ವಿಷ ಆಗಿದ್ದರೆ ಹೊಳೆ ಓಣಿ ಎಂದೋ ಖಾಲಿ ಆಗ್ತಿತ್ತು. ತಪ್ಪು ಬೀಜದ್ದಲ್ಲ ಸರ್. ನೀರು ತಿಳಿ ಕಂಡಿದ್ದಕ್ಕೆ ಜನ ನಂಬಿಕೊಂಡಿದ್ದಾರೆ, ಅಷ್ಟೇ."

ಅವರು ಮೂರು ದಿನದಿಂದ ಸರಿಯಾಗಿ ಮಲಗಿರಲಿಲ್ಲ. "ಇಷ್ಟೆಲ್ಲ ಬಿಡಿಸಿ ಹೇಳೋಕೆ ಈಗ ಪುರುಸೊತ್ತಿಲ್ಲ ಸಿಸ್ಟರ್. ವಿಷ ಅಂದ್ರೆ ಬಿಡ್ತಾರೆ. ಹೆದರಿಕೆಗಿಂತ ಬೇಗ ಕೆಲಸ ಮಾಡೋದು ಯಾವುದೂ ಇಲ್ಲ" ಎಂದರು. ನಾನು ವಾದ ಮಾಡಿದೆ, ಸೋತೆ. ಮರುದಿನ ಬೆಳಿಗ್ಗೆ ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಿದರು: ಚಿಲ್ಲದ ಬೀಜ ವಿಷ, ಯಾರೂ ಬಳಸಕೂಡದು, ನೀರಿಗೆ ಗುಳಿಗೆ ಹಾಕಿ ಕುಡಿಯಿರಿ.

ಹೆದರಿಕೆ ಕೆಲಸವನ್ನೇನೋ ಮಾಡಿತು. ಜನ ಬೀಜ ಬಿಟ್ಟರು, ಹೊಳೆಯನ್ನು ಬಿಡಲಿಲ್ಲ. ಬಿಡುವ ದಾರಿಯೂ ಅವತ್ತು ಮುಚ್ಚಿತು. ಊರಲ್ಲೂ ಮೇಲೂ ಮಳೆಯಾಗಿ ಹಳ್ಳ ಉಕ್ಕಿ, ರಸ್ತೆಯ ಮೇಲೆ ಎದೆಯುದ್ದ ನೀರು ಹರಿಯಿತು. ಟ್ಯಾಂಕರ್ ಆಚೆ ದಂಡೆಯಲ್ಲಿ ನಿಂತುಬಿಟ್ಟಿತು. ಸೌದೆ ತೊಯ್ದಿತ್ತು, ಸಿಲಿಂಡರ್ ತರುವ ಗಾಡಿಯೂ ಇಲ್ಲ. ಊರಿಗೆ ಊರೇ ಕೆಂಪು ನೀರಿಗೆ ನಮ್ಮ ಗುಳಿಗೆ ಹಾಕಿಕೊಂಡು ಕುಡಿಯಿತು. ಮಧ್ಯಾಹ್ನ ಕ್ಲೋರೋಸ್ಕೋಪ್ ಹಿಡಿದು ಹೋದರೆ ಎಲ್ಲೂ ಹಳದಿ ಇಲ್ಲ. ಒಂದು ಕೊಡಕ್ಕೆ ಎರಡು ಗುಳಿಗೆ ಹಾಕಿ ಕಾದು ನೋಡಿದೆ, ಆಗಲೂ ಇಲ್ಲ. ಕ್ಲೋರಿನ್ ಕ್ರಿಮಿಯನ್ನು ಮುಟ್ಟುವ ಮೊದಲೇ ಮಣ್ಣು, ಕಸ ಅದನ್ನು ತಿಂದು ಮುಗಿಸುತ್ತಿತ್ತು. ಗುಳಿಗೆ ಹಾಕಿದ್ದೇವೆ ಎಂಬ ಧೈರ್ಯದಲ್ಲಿ ಜನ ಮೊದಲಿಗಿಂತ ಕೆಟ್ಟ ನೀರು ಕುಡಿಯುತ್ತಿದ್ದರು. ಮಣ್ಣು ಕೂರಿಸಲು ಪಟಿಕ ಬೇಕೆಂದು ಅಂಗಡಿಗೆ ಓಡಿದೆ. ಕ್ಷೌರದವರು ಒಯ್ಯುವ ನಾಲ್ಕು ತುಂಡು ಬಿಟ್ಟರೆ ಬೇರೆ ಇರಲಿಲ್ಲ. ಶಾಲೆಯಲ್ಲಿ ಮತ್ತೆ ನೆಲದ ಮೇಲೂ ಜಾಗ ಸಾಲದಾಯಿತು.

ಇತ್ತ ಅಜ್ಜಿಯ ಮನೆಯ ಮುಂದೆ ಗದ್ದಲ. ಬೀಜ ಬೇಡಿಕೊಂಡು ಒಯ್ದ ಹೆಂಗಸರೇ ಈಗ ಕೈ ಮುಂದೆ ಮಾಡಿ ಬೈಯುತ್ತಿದ್ದರು. "ಇಷ್ಟ ದಿನಾ ವಿಷಾ ಕುಡಿಸಿದ್ಯಲ್ಲ ಮುದುಕಿ! ನಮ್ ಮಾವನ್ನ ತಿಂದ್ಯಲ್ಲ!" ಎಂದು ತೀರಿಕೊಂಡ ಮುದುಕಪ್ಪನ ಸೊಸೆ ಎದೆ ಬಡಿದುಕೊಂಡಳು. ಅಜ್ಜಿ ಬೀಜದ ಗಡಿಗೆಯನ್ನೆತ್ತಿ ಹೊರಗೆ ಹೋಗಿ ತಿಪ್ಪೆಯಲ್ಲಿ ಸುರಿದು ಬಂದಳಂತೆ. ಇದನ್ನು ನನಗೆ ಹೇಳಿದವಳು ಆಶಾ.

ಮರುದಿನ ಬೆಳಿಗ್ಗೆ ಆ ಮೊಮ್ಮಗಳನ್ನು ಹೊರಸಿನ ಮೇಲೆ ಹೊತ್ತು ತಂದರು.

ಕೈಯಲ್ಲಿ ನರ ಸಿಗಲಿಲ್ಲ. ಡಾಕ್ಟರು ಕಾಲಿನಲ್ಲಿ ಹುಡುಕಿ ಸೂಜಿ ಹಾಕಿದರು. ಎರಡು ಬಾಟಲಿ ಒಳಗೆ ಹೋಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನರಳತೊಡಗಿದಳು. ಹೊಟ್ಟೆ ಕಲ್ಲಾಗಿ ಬಿಗಿಯುತ್ತಿತ್ತು. ನಾನು ಹೊಟ್ಟೆಯ ಮೇಲೆ ಬಡಿತ ಕೇಳುವ ಕೊಳವೆಯಿಟ್ಟು ಕಿವಿಗೊಟ್ಟೆ. ಎಡಕ್ಕೆ ಕೇಳಿದೆ, ಬಲಕ್ಕೆ ಕೇಳಿದೆ. ಪಕ್ಕದಲ್ಲಿ ವಾಂತಿ ಮಾಡುವವರ ಸದ್ದಿಗೆ ಕೇಳುತ್ತಿಲ್ಲ ಎಂದುಕೊಂಡು ಎಲ್ಲರನ್ನೂ ಗದರಿಸಿ ಸುಮ್ಮನಾಗಿಸಿ ಮತ್ತೆ ಕೇಳಿದೆ. ಕೂಸಿನ ಬಡಿತ ಸಿಗಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು, ನಾನು ತಲೆ ಅಲ್ಲಾಡಿಸಿದೆ.

ಎತ್ತರದ ಟ್ರ್ಯಾಕ್ಟರಿನಲ್ಲಿ ಹೊರಸು ಕಟ್ಟಿ ಹಳ್ಳ ದಾಟಿಸಿದೆವು. ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು ನಾನೂ ಕೂತಿದ್ದೆ. ಆಚೆ ಆಂಬುಲೆನ್ಸ್ ನಿಂತಿತ್ತು. ಹಡಗಲಿ ಆಸ್ಪತ್ರೆಯಲ್ಲಿ ಮಧ್ಯಾಹ್ನ ಹೆರಿಗೆಯಾಯಿತು. ಗಂಡು ಕೂಸು, ತುಂಬಿದ ಮೈ, ತಲೆ ತುಂಬ ಕೂದಲು, ಉಸಿರಿಲ್ಲ. ತಾಯಿ ಉಳಿದಳು. ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಸುದ್ದಿ ತಿಳಿದು ಬಂದಿದ್ದ ಅದರ ಅಪ್ಪನ ಕೈಗೆ ಕೊಟ್ಟವಳು ನಾನೇ. ಅಷ್ಟು ವರ್ಷದ ಕೆಲಸದಲ್ಲಿ ನಾನು ಯಾರ ಮುಂದೆಯೂ ಅತ್ತವಳಲ್ಲ, ಅವತ್ತು ಅತ್ತೆ.

ಊರಿಗೆ ವಾಪಸು ಬರುವಾಗ ಟ್ರ್ಯಾಕ್ಟರಿನಲ್ಲೇ ಒಂದು ಲೆಕ್ಕ ಹಾಕಿದೆ. ರಸ್ತೆ ಬೇಗ ತೆರೆಯುವುದಿಲ್ಲ. ಪಟಿಕ ಇಲ್ಲ. ಮಣ್ಣು ಕೂತರೆ ಮಾತ್ರ ಗುಳಿಗೆ ಕೆಲಸ ಮಾಡುತ್ತದೆ. ಮಣ್ಣು ಕೂರಿಸುವ ವಸ್ತು ಊರಲ್ಲಿ ಒಂದೇ, ಅದೂ ತಿಪ್ಪೆಯಲ್ಲಿ ಬಿದ್ದಿದೆ. ಗಿಡದಲ್ಲಿ ಬೀಜ ಬಲಿಯುವ ಕಾಲವಲ್ಲ. ನೆಟ್ಟಗೆ ಅಜ್ಜಿಯ ಮನೆಗೆ ಹೋದೆ.

ಅವಳಿಗೆ ಸುದ್ದಿ ಮುಟ್ಟಿತ್ತು. ಒಲೆ ಹಚ್ಚಿರಲಿಲ್ಲ. ಹೊಸ್ತಿಲಲ್ಲಿ ಕೂತಿದ್ದವಳು ನನ್ನ ಕೈ ಹಿಡಿದುಕೊಂಡಳು.

"ಮೈಕಿನಾಗ ಕೂಗಿದ್ರು. ನನ್ ಬೀಜನಽ ಕೊಂದಿದ್ದೇನವ್ವ ಕೂಸಿನ್ನ? ಖರೇ ಹೇಳು. ನೀ ಸುಳ್ಳ ಹೇಳಾಕಿ ಅಲ್ಲ."

ದೇವರಿಚ್ಛೆ ಅಜ್ಜಿ, ಎಂದು ಹೇಳಿ ಎದ್ದುಬಿಡಬಹುದಿತ್ತು. ಬೇರೆ ದಿನವಾಗಿದ್ದರೆ ಹಾಗೇ ಹೇಳುತ್ತಿದ್ದೆ. ಆದರೆ ಬೀಜ ವಿಷವಲ್ಲ ಎಂದು ಈ ಓಣಿಗೆ ತಿಳಿಯಬೇಕು, ಬರೀ ಬೀಜ ಸಾಲದೆಂದೂ ತಿಳಿಯಬೇಕು. ಎರಡನ್ನೂ ಮೊದಲು ಇವಳಿಗೇ ಹೇಳಬೇಕು. ಇವಳು ಒಪ್ಪದೆ ಓಣಿ ಒಪ್ಪುವುದಿಲ್ಲ. ನಾನು ಚೀಲದಿಂದ ಬಾಟಲಿ ತೆಗೆದೆ. ಅವಳ ಕೊಡದಿಂದ ತುಂಬಿಕೊಂಡು ಹೋದ ನೀರು ಮಸಿಯಷ್ಟು ಕಪ್ಪಾಗಿತ್ತು.

"ಬೀಜ ವಿಷ ಅಲ್ಲ ಅಜ್ಜಿ. ಮೈಕಿನಾಗ ಹೇಳಿದ್ದು ತಪ್ಪು. ಇದು ನಿನ್ ಕೊಡದ ನೀರು. ತಿಳಿ ಇದ್ದಾಗ ತುಂಬಿದ್ದು. ರೋಗ ನೀರಾಗಽ ಇತ್ತು, ಬೀಜ ಅದನ್ನ ತಗೀಲಿಲ್ಲ."

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡದೆ ಹೇಳಿದಳು:

"ಒಂದ್ ಹೊತ್ತು ಕುದಿಸಿದ್ನೆವ್ವ. ಹಸೀ ಕಟಿಗಿ, ಹೊಗಿ ವಾಸನಿ ಬರ್ತೈತಿ, ಒಲ್ಲೆ ಅಂತು ಹುಡುಗಿ. ಬಸರಿ ಹೆಂಗಸು ಬಾಯಾರಿ ಕುಂತಾಳಲ್ಲ ಅಂತ ತಿಳೀ ನೀರು ಸೋಸಿ, ಎಲ್ಲಾರ್ಕಿಂತ ಮೊದಲು ಆಕಿಗೇ ಕೊಟ್ಟೆ. ಮೈಕಿನಾಗ ವಿಷ ಅಂತ ಕೂಗೋತನಕಾ ಕೊಟ್ಟೆ. ಹಂಗಾದ್ರ ಕೊಟ್ಟಾಕಿ ನಾನಽ ಅಲ್ಲನು?"

ಬೀಜದ ಮೇಲಿದ್ದ ತಪ್ಪನ್ನು ಇಳಿಸಿ, ಅದನ್ನು ಅವಳ ತಲೆಯ ಮೇಲೆ ನಾನೇ ಹೊರಿಸಿದ್ದೆ. ಆದರೂ ಬಂದ ಕೆಲಸ ಕೇಳಲೇಬೇಕಿತ್ತು, ಕೇಳಿದೆ. ನಾಚಿಕೆಯಾಯಿತು, ಬೀಜ ಬೇಕು ಅಜ್ಜಿ, ಎಂದು ಕೇಳಿದೆ.

ಅವಳು ಎದ್ದು, ಸಲಿಕೆ ತೆಗೆದುಕೊಂಡು ತಿಪ್ಪೆಗೆ ಹೋದಳು. ಆಶಾ ಮತ್ತು ನಾನು ಅವಳ ಜತೆ ಕೈ ಹಾಕಿ ಸಗಣಿ ಕಸದಲ್ಲಿ ಬೀಜ ಆಯ್ದೆವು. ಬೈದ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಒಬ್ಬರೂ ಹತ್ತಿರ ಬರಲಿಲ್ಲ. ಸಿಕ್ಕಷ್ಟನ್ನು ಕುದಿಯುವ ನೀರಿನಲ್ಲಿ ತೊಳೆದೆವು. "ನೀನಽ ತಿಕ್ಕಿ ತೋರಿಸು ಅಜ್ಜಿ" ಎಂದೆ. "ನಾ ಕೊಡಾ ಮುಟ್ಟಂಗಿಲ್ಲವ್ವ. ಬೀಜ ಒಯ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಶಾಲೆಯ ಕಟ್ಟೆಯ ಮೇಲೆ ಆಶಾ ಕೊಡಕ್ಕೆ ಬೀಜ ತಿಕ್ಕಿದಳು. ಕೆಂಪು ನೀರು ಸುರಿದು ಮುಚ್ಚಿಟ್ಟೆವು. ತಿಳಿಯಾದ ಮೇಲೆ ಮೇಲಿನ ನೀರನ್ನು ಮಾತ್ರ ಮಡಿಸಿದ ಧೋತರದಲ್ಲಿ ಬೇರೆ ಕೊಡಕ್ಕೆ ಸೋಸಿ, ಗುಳಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಕೊಳವೆಗೆ ತುಂಬಿ ಹನಿ ಬಿಟ್ಟೆ. ಹಳದಿ ಬಂತು. ಡಾಕ್ಟರು ನನ್ನ ಕೈಯಿಂದ ಕೊಳವೆ ಇಸಿದುಕೊಂಡು ತಾವೇ ನೋಡಿದರು.

"ಮೈಕಲ್ಲಿ ನೀವೇ ಹೇಳಿ ಸಿಸ್ಟರ್. ವಿಷ ಅಂತ ಹೇಳಿಸಿದ್ದು ನಾನು, ಅದನ್ನೂ ಹೇಳಿ" ಎಂದರು. ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಆಟೋ ಹತ್ತಿ ಓಣಿ ಓಣಿ ತಿರುಗಿ ಗಂಟಲು ಹರಿಯುವಂತೆ ಕೂಗಿದೆ. ಮೊದಲು ಬೀಜ, ಆಮೇಲೆ ಸೋಸುವುದು, ಆಮೇಲೆ ಗುಳಿಗೆ, ಆಮೇಲೆ ಅರ್ಧ ಗಂಟೆ. ಒಂದು ಬಿಟ್ಟರೂ ಸಾವು. "ನಿನ್ನಿ ವಿಷ ಅಂದ್ರಿ, ಇವತ್ತ ಅಮೃತ ಅಂತೀರಿ. ನಾಳಿ ಏನಂತೀರಿ ಮೇಡಂ?" ಎಂದು ಒಬ್ಬ ಕೇಳಿದ. ಕೇಳುವುದು ನ್ಯಾಯವೇ. ಕಟ್ಟೆಯಿಂದ ಜತೆಗೊಯ್ದಿದ್ದ ಕೊಡದಿಂದ ಒಂದು ತಂಬಿಗೆ ತುಂಬಿ ಎಲ್ಲರೆದುರು ಗಟಗಟ ಕುಡಿದೆ. ಮುದುಕಪ್ಪನ ಸೊಸೆಯೇ ಮೊದಲು ಕೊಡ ತಂದಿಟ್ಟಳು. ಹಳ್ಳ ಇಳಿದು ಟ್ಯಾಂಕರ್ ಬರುವ ತನಕ ಕಟ್ಟೆಯ ಮೇಲೆ ಅದೇ ಕೆಲಸ ನಡೆಯಿತು. ಹೊಸ ಕೇಸು ಕಡಿಮೆಯಾಗುತ್ತಾ ಬಂದು ನಿಂತವು. ಅಷ್ಟರಲ್ಲಿ ಇನ್ನಿಬ್ಬರು ತೀರಿಹೋಗಿದ್ದರು. ವಾಲ್ವನ್ನು ಚರಂಡಿಯಿಂದ ಮೇಲೆತ್ತಿ ಕೂರಿಸಿದರು. ಡಾಕ್ಟರು ಬಾಟಲಿ, ಸೂಜಿ ಕಟ್ಟಿಕೊಂಡು ಹಡಗಲಿಗೆ ಹೋದರು. ಶಾಲೆಯಲ್ಲಿ ಪಾಠ ಶುರುವಾಯಿತು.

ಮೊಮ್ಮಗಳನ್ನು ಆಸ್ಪತ್ರೆಯಿಂದ ಬಿಟ್ಟ ದಿನ ನಾನೇ ಆಟೋದಲ್ಲಿ ಕರೆದುಕೊಂಡು ಬಂದೆ. ಹಾಲು ಇಂಗಲೆಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿತ್ತು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ, ಕೂಸು ಯಾರ ಹಾಗಿತ್ತು ಎಂದು. ನಿನ್ನ ಹಾಗೇ ಇತ್ತು ಎಂದೆ. ಅಜ್ಜಿ ಬಾಗಿಲಿಗೆ ಬಂದು ಅವಳ ಮುಖ ನೇವರಿಸಿ ನೆಟಿಗೆ ಮುರಿದಳು, ಇಬ್ಬರೂ ಅತ್ತರು. ಹಾಸಿಗೆ ಹಾಸಿ ಕೂರಿಸಿ, ಕಂಬಳಿ ಹೊದಿಸಿ, ತಲೆಗೆ ಬಟ್ಟೆ ಕಟ್ಟಿ, ಬಾಣಂತಿಗೆ ಮಾಡುವುದೆಲ್ಲವನ್ನೂ ಅಜ್ಜಿ ಮಾಡಿದಳು.

"ಅಜ್ಜೀ, ನೀರ್ ಕೊಡು" ಎಂದಳು ಮೊಮ್ಮಗಳು.

ಕುದಿಸಿ ಆರಿಸಿದ ನೀರು ಸ್ಟೀಲಿನ ಕೊಡದಲ್ಲಿತ್ತು. ಬೆಳಿಗ್ಗೆ ಆಶಾ ಬಂದು ತುಂಬಿಟ್ಟು ಹೋಗಿದ್ದಳು. ಅಜ್ಜಿ ತಂಬಿಗೆ ತೆಗೆದುಕೊಂಡು ಕೊಡದ ಹತ್ತಿರ ಹೋದಳು. ಮುಚ್ಚಳ ತೆಗೆದಳು. ಒಳಗೆ ನೋಡುತ್ತಾ ನಿಂತಳು, ತಂಬಿಗೆ ಅದ್ದಲಿಲ್ಲ. ಆಮೇಲೆ ಬರಿದು ತಂಬಿಗೆಯನ್ನು ನನ್ನ ಕಡೆ ಚಾಚಿದಳು.

"ನೀನಽ ಕೊಡವ್ವ."

"ಕುದಿಸಿದ್ದು ಐತಿ ಅಜ್ಜಿ. ಏನೂ ಆಗಂಗಿಲ್ಲ. ಕೊಡು."

"ಒಲ್ಲೆವ್ವ. ಈ ಕೈಲೆ ಇನ್ನ ಯಾರಿಗೂ ನೀರ್ ಕೊಡಂಗಿಲ್ಲ."

ತಂಬಿಗೆಯನ್ನು ನನ್ನ ಕೈಯಲ್ಲಿಟ್ಟು ಹೊರಗೆ ಹೋದಳು. ನಾನು ತುಂಬಿ ಕೊಟ್ಟೆ. ಹುಡುಗಿ ಎರಡು ಗುಟುಕು ಕುಡಿದು ಬಾಗಿಲ ಕಡೆ ನೋಡಿದಳು. ಅಜ್ಜಿ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ, ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು.